ಅಕ್ಷರ ಹಾರಿಹೋದ ಕಲ್ಲುಗಳು

ಬಹಳ ಬಹಳ ಹಿಂದೆ, ಗುಡ್ಡಗಳಿಗೂ ಕಿವಿ ಇದ್ದ ಕಾಲದಲ್ಲಿ, ನಂದವಳಿ ಎಂಬ ಒಂದು ರಾಜ್ಯವಿತ್ತು. ನಂದವಳಿಯಲ್ಲಿ ನೂರೆಂಟು ಊರು, ಊರಿಗೊಂದು ಕಲ್ಲು. ಊರೊಳಗೆ ಕಾಲಿಡುವ ಮೊದಲೇ ಆ ಕಲ್ಲು ಎದುರಾಗುತ್ತಿತ್ತು. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಒಂದು ಊರಿನಲ್ಲಿ, ಬಂಡೆ ಸೀಳಿ ನೀರು ತಂದವಳ ಕಲ್ಲು ಇನ್ನೊಂದು ಊರಿನಲ್ಲಿ. ಮೇಲೆ ಚಿತ್ರ, ಕೆಳಗೆ ನಾಲ್ಕು ಸಾಲು ಅಕ್ಷರ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ದಿನ ಊರವರೆಲ್ಲ ಸೇರಿ ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಸುತ್ತ ಕೂತು ಅದರ ಕತೆ ಹೇಳುತ್ತಿದ್ದರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಸೇರಿಸುತ್ತಿದ್ದರು. ಮಕ್ಕಳು ಕೇಳುತ್ತ ಕೇಳುತ್ತ ಅಜ್ಜಿಯರ ಮಡಿಲಲ್ಲಿ ನಿದ್ದೆಹೋಗುತ್ತಿದ್ದರು. ಆ ದಿನ ಹಿರಿಯರು ಮಕ್ಕಳಿಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದರು: ಕಲ್ಲಿನ ಎದುರು ಸುಳ್ಳಾಡಬಾರದು, ಆಡಿದರೆ ಕಲ್ಲೊಳಗೆ ಇರುವವರು ಒಂದು ಹೆಜ್ಜೆ ಮುಂದೆ ಬರುತ್ತಾರೆ.

ಆ ರಾಜ್ಯದ ಬಳ್ಳೆಕೆರೆ ಎಂಬ ಊರಿನಲ್ಲಿ ದೇಕಣ ಎಂಬ ಕಲ್ಲುಕುಟಿಗನಿದ್ದ. ನೂರೆಂಟು ಕಲ್ಲುಗಳಲ್ಲಿ ಅರ್ಧಕ್ಕರ್ಧ ಅವನ ಕೈಯವೇ. ಹಳೆಯವು ಸವೆದರೆ ಹೊಸದಾಗಿ ಬಿಡಿಸುವವನೂ ಅವನೇ. ಅವನ ಒಬ್ಬಳೇ ಮಗಳು ಮಾಳವ್ವೆ. ಚಿಕ್ಕಂದಿನಲ್ಲಿ ಅವಳು ಉಳಿಯ ಚೀಲ ಹೊತ್ತು ಅಪ್ಪನ ಹಿಂದೆ ಊರೂರು ಅಲೆದಿದ್ದಳು. ಹುಣಸೆ ಮರದ ಕೆಳಗೆ ಅಪ್ಪ ಕಲ್ಲು ಕೆತ್ತುವುದು, ಅಮ್ಮ ನಾಗಿಯಕ್ಕ ಬುತ್ತಿ ಬಿಚ್ಚುವುದು, ರೊಟ್ಟಿಯ ಮೇಲೆ ಹಾರಿ ಬೀಳುವ ಕಲ್ಲಿನ ಪುಡಿಯನ್ನು ಮೂವರೂ ಊದಿ ಊದಿ ತಿನ್ನುವುದು. ಕೆತ್ತುವಾಗ ದೇಕಣ ಆ ಕಲ್ಲಿನ ಕತೆ ಹೇಳುತ್ತಿದ್ದ. ಮಾಳವ್ವೆ ಅರ್ಧ ಕೇಳಿ ಮಿಡತೆ ಹಿಡಿಯಲು ಓಡುತ್ತಿದ್ದಳು. ಉಳಿದರ್ಧ ಇನ್ನೊಮ್ಮೆ ಕೇಳಿದರಾಯಿತು ಎಂದುಕೊಂಡಿದ್ದಳು.

ಅವಳಿಗೆ ಹದಿನಾರು ತುಂಬಿದ ವರ್ಷ ಬಳ್ಳೆಕೆರೆಯ ಕೆರೆ ಒಡೆಯಿತು. ಮಳೆಗಾಲದ ಒಂದು ಮಧ್ಯಾಹ್ನ, ಏರಿಯಲ್ಲಿ ಬಿರುಕು ಕಂಡ ನಾಗಿಯಕ್ಕ ಏರಿಯ ಉದ್ದಕ್ಕೂ ಓಡುತ್ತ, ಕೆಳಗಿನ ಗದ್ದೆಗಳಲ್ಲಿದ್ದವರನ್ನೆಲ್ಲ ಹೆಸರು ಹಿಡಿದು ಕೂಗಿ ಎಚ್ಚರಿಸಿದಳು. ಗದ್ದೆಯವರೆಲ್ಲ ಬದುಕಿದರು. ಏರಿಯ ಮೇಲಿದ್ದ ನಾಗಿಯಕ್ಕ ನೀರಿನೊಂದಿಗೆ ಹೋದಳು. ಆಮೇಲೆ ಊರವರು ಮೊದಲಿಗಿಂತ ದುಪ್ಪಟ್ಟು ದಪ್ಪ ಏರಿ ಕಟ್ಟಿದರು. ದೇಕಣ ಹೆಂಡತಿಯ ಕಲ್ಲನ್ನು ತಾನೇ ಕೆತ್ತಿ ಏರಿಯ ಮೇಲೆ ನಿಲ್ಲಿಸಿದ. ಕೊನೆಯ ಸಾಲು ಹೀಗಿತ್ತು: ಈ ಏರಿಯಿಂದ ಒಂದು ಬುಟ್ಟಿ ಮಣ್ಣನ್ನೂ ತೆಗೆಯಬೇಡಿ.

ಇದಾಗಿ ಆರು ವರ್ಷ ಕಳೆಯಿತು.

ನಂದವಳಿಯ ದೊರೆ ಕಂಚರಸ ಒಳ್ಳೆಯ ಮನಸ್ಸಿನವನು. ಆ ವರ್ಷ ಅವನ ರಾಣಿ ತೀರಿಕೊಂಡಿದ್ದಳು. ದೊರೆ ಅನ್ನ ಬಿಟ್ಟ, ಸಭೆ ಬಿಟ್ಟ, ರಾಣಿಯ ಕಲ್ಲಿನ ಪಕ್ಕ ಕೂತುಬಿಟ್ಟ. ಆಗ ಮಂಜುಗವಿಯಿಂದ ಧೂಮಾಂಗ ಎಂಬ ಮಾಂತ್ರಿಕ ಬಂದ. ಮೆಲುಮಾತಿನವನು, ಹೊಗೆಯಂತೆ ಬಂದು ಹೊಗೆಯಂತೆ ಹೋಗುವವನು. ನಿಮ್ಮ ಪ್ರಜೆಗಳೆಲ್ಲ ನಿಮ್ಮ ಹಾಗೆಯೇ ಕಲ್ಲಿನ ಮುಂದೆ ಅಳುತ್ತಾರೆ, ಆ ಅಕ್ಷರಗಳನ್ನು ನನಗೆ ಕೊಟ್ಟುಬಿಡಿ, ರಾಜ್ಯದಲ್ಲಿ ದುಃಖವೇ ಇಲ್ಲದಂತೆ ಮಾಡುತ್ತೇನೆ ಎಂದು ಅವನು ಹೇಳಿದ. ಕಲ್ಲು ಬೇಡ, ಬರೀ ಅಕ್ಷರ ಸಾಕು ಎಂದ. ದೊರೆಗೆ ಅದರಲ್ಲಿ ಕೆಡುಕು ಕಾಣಲಿಲ್ಲ. ಆಗಲಿ ಎಂದ.

ಆ ದಿನ ಮಾಳವ್ವೆ ಗಡಿಯಾಚೆಯ ಕರಿಗುಡ್ಡದಲ್ಲಿ ಹೊಸ ಕಲ್ಲು ಆರಿಸುತ್ತಿದ್ದಳು. ನಡುಮಧ್ಯಾಹ್ನ ತಲೆಯೆತ್ತಿ ನೋಡಿದರೆ, ನಂದವಳಿಯ ಊರೂರಿನಿಂದ ಕಪ್ಪು ಹಿಂಡುಗಳು ಎದ್ದು, ಜೇನಿನಂತೆ ಮೊರೆಯುತ್ತ, ದಕ್ಷಿಣದ ಕಣಿಲೆಗುಡ್ಡದ ಕಡೆ ಹಾರುತ್ತಿದ್ದವು. ಅವು ಜೇನಲ್ಲ, ಅಕ್ಷರಗಳು. ಮಾಳವ್ವೆ ಗಡಿಯಾಚೆ ಇದ್ದದ್ದರಿಂದ ಮಾಯೆ ಅವಳನ್ನು ಮುಟ್ಟಲಿಲ್ಲ. ಗಡಿಯೊಳಗಿನವರೆಲ್ಲ ಕಲ್ಲಿನಲ್ಲಿದ್ದದ್ದನ್ನೆಲ್ಲ ಮರೆತರು.

ಅವಳು ಓಡೋಡಿ ಊರಿಗೆ ಬಂದಾಗ ಬಳ್ಳೆಕೆರೆಯಲ್ಲಿ ಎಲ್ಲರೂ ನಗುನಗುತ್ತಿದ್ದರು. ನಗುತ್ತಲೇ ಕೆರೆಯ ಏರಿಯನ್ನು ಅಗೆಯುತ್ತಿದ್ದರು. ಇಷ್ಟು ದಪ್ಪ ಏರಿ ಯಾಕೆ ಬೇಕು, ಗೋಡೆ ಮೆತ್ತಲು ಒಳ್ಳೆಯ ಮಣ್ಣು ಎನ್ನುತ್ತ ಬುಟ್ಟಿ ತುಂಬುತ್ತಿದ್ದರು. ಮಾಳವ್ವೆ ಬೇಡವೆಂದು ಗೋಗರೆದಳು. ಕೆರೆ ಒಡೆದದ್ದು ಯಾವಾಗ, ನಾವು ಕೇಳಿಯೇ ಇಲ್ಲವಲ್ಲ ಎಂದು ಅವರು ನಕ್ಕರು. ಅವಳ ಅಮ್ಮ ಕೂಗಿ ಬದುಕಿಸಿದವರೇ ಬುಟ್ಟಿ ಹೊತ್ತಿದ್ದರು.

ದೇಕಣ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮಗಳನ್ನು ಕಂಡು ಸಂತೋಷಪಟ್ಟ. ಮಾಳವ್ವೆ ಅವನ ಕೈ ಹಿಡಿದು, ಅಮ್ಮನ ಕಲ್ಲು ಬರಿದಾಗಿದೆ ಅಪ್ಪ ಎಂದಳು.

"ಯಾರ ಅಮ್ಮ?" ಎಂದ ದೇಕಣ.

"ನನ್ನ ಅಮ್ಮ. ನಾಗಿಯಕ್ಕ."

ದೇಕಣ ಆ ಹೆಸರನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡ. "ಚಂದದ ಹೆಸರು," ಎಂದ. "ನಾನು ಕೇಳಿಲ್ಲ ಮಗಾ."

ಮಾಳವ್ವೆ ಒಳಗೆ ಹೋಗಿ ಗೋಡೆಗೆ ಹಣೆಯೊತ್ತಿ ನಿಂತಳು. ಆಮೇಲೆ ಹೊರಗೆ ಬಂದು ಆಕಾಶ ನೋಡಿದಳು. ಮಳೆಗೆ ಇನ್ನು ಹತ್ತು ದಿನ. ಏರಿ ಹೀಗೇ ಕರಗಿದರೆ ಮೊದಲ ಮಳೆಗೇ ಕೆರೆ ಒಡೆಯುತ್ತದೆ, ಈ ಸಲ ಕೂಗಿ ಎಚ್ಚರಿಸಲು ಯಾರಿಗೂ ತಿಳಿಯುವುದಿಲ್ಲ. ಅವಳು ಉಳಿಯ ಚೀಲ ಹೆಗಲಿಗೇರಿಸಿ ಕಣಿಲೆಗುಡ್ಡದ ದಾರಿ ಹಿಡಿದಳು.

ಒಂದು ದಿನ ನಡೆದಳು, ಎರಡು ದಿನ ನಡೆದಳು. ಮೂರನೆಯ ದಿನ ಬೆಳಗ್ಗೆ ಆವಿಗೆಹಳ್ಳಿಯ ಕಣಿವೆಗೆ ಬಂದಳು. ಅದು ಕುಂಬಾರರ ಊರು. ಕಣಿವೆಯ ಬಾಯಲ್ಲಿ ಆ ಊರಿನ ಕಲ್ಲು ನಿಂತಿತ್ತು. ಅದರಲ್ಲಿ ಕತ್ತಿ ಎತ್ತಿದ ಒಬ್ಬ ಹೆಂಗಸಿದ್ದಳು. ಅವಳ ಎದುರು ಹುಲಿ ಇರಬೇಕಿತ್ತು. ಹುಲಿ ಇದ್ದ ಕಡೆ ಬರೀ ಗುಳಿ ಇತ್ತು.

ಅಕ್ಷರ ಹೋದ ಮೇಲೆ ಕಲ್ಲಿನ ಹುಲಿಯನ್ನು ಹಿಡಿದಿಡುವವರು ಯಾರೂ ಇರಲಿಲ್ಲ. ಅದು ಹೊರಬಂದು ದಾರಿಗೆ ಅಡ್ಡ ಮಲಗಿತ್ತು. ಕಲ್ಲಿನದೇ ಬಣ್ಣ, ಎತ್ತಿನಷ್ಟು ಎತ್ತರ. ಮಾಳವ್ವೆಯನ್ನು ಕಂಡು ಎದ್ದು ನಿಂತು ಕೇಳಿತು:

"ನಾನು ಯಾರು, ಹೇಳು. ನನ್ನನ್ನು ಕೊಂದವರು ಯಾರು, ಹೇಳು."

ಮಾಳವ್ವೆಗೆ ಈ ಕತೆ ಗೊತ್ತಿತ್ತು. ಗಂಡಸರೆಲ್ಲ ಸೌದೆಗೆ ಹೋಗಿದ್ದಾಗ ಊರಿಗೆ ನುಗ್ಗಿದ ಹುಲಿ ನೀನು, ಕುಂಬಾರರ ಸಿರಿಯಕ್ಕ ಕತ್ತಿ ಹಿಡಿದು ನಿನ್ನನ್ನು ಕೊಂದಳು ಎಂದಳು.

ಹುಲಿ ಒಂದು ಹೆಜ್ಜೆ ಮುಂದೆ ಬಂತು.

ಅವಳು ಹಿಂದೆ ಸರಿಯಲಿಲ್ಲ. ಎಲ್ಲಿ ತಪ್ಪಿದೆ ಎಂದು ನೆನೆದಳು. ಕತ್ತಿಯಲ್ಲ, ಈಟಿ ಇರಬೇಕು ಎಂದಳು. ಹುಲಿ ಇನ್ನೊಂದು ಹೆಜ್ಜೆ ಬಂತು. ಅದರ ಉಸಿರು ಅವಳ ಮುಖಕ್ಕೆ ತಾಗಿತು.

ಆಗ ಅವಳಿಗೆ ಈ ಕಲ್ಲು ಕೆತ್ತಿದ ದಿನ ಕಣ್ಣಿಗೆ ಕಟ್ಟಿತು. ಅವಳಿಗೆ ಏಳೋ ಎಂಟೋ ವರ್ಷ. ಊರಿನ ಹಿರಿಯರು ಬಂದು, ಕಲ್ಲಿನಲ್ಲಿ ಕತ್ತಿ ಇರಲಿ, ನೋಡಲು ಚೆನ್ನಾಗಿರುತ್ತದೆ ಎಂದು ಅಪ್ಪನನ್ನು ಒಪ್ಪಿಸಿದ್ದರು. ಅವರು ಹೋದ ಮೇಲೆ ಬುತ್ತಿ ಬಿಚ್ಚುತ್ತಿದ್ದ ಅಮ್ಮ ನಕ್ಕಿದ್ದಳು. ಕುಂಬಾರರ ಮನೆಯಲ್ಲಿ ಕತ್ತಿ ಎಲ್ಲಿಂದ ಬರಬೇಕು, ಪಾಪ, ಕೈಗೆ ಸಿಕ್ಕಿದ್ದನ್ನು ಹಿಡಿದಳು ಎಂದಿದ್ದಳು. ಅಮ್ಮನ ಆ ನಗು, ರೊಟ್ಟಿಯ ವಾಸನೆ, ಆಮೇಲೆ ಅಮ್ಮ ಹೇಳಿದ ಉಳಿದ ಕತೆ, ಎಲ್ಲ ಒಟ್ಟಿಗೆ ಬಂದವು.

"ಕತ್ತಿಯಲ್ಲ," ಎಂದಳು ಮಾಳವ್ವೆ. "ಮಡಕೆ ಸುಡುವ ಆವಿಗೆಯಿಂದ ಉರಿಯುವ ಕೊಳ್ಳಿ ಎಳೆದು ಬರಿಗೈಯಲ್ಲಿ ಹಿಡಿದಳು. ಅವಳ ಕೈಯೂ ಸುಟ್ಟಿತು, ನಿನ್ನ ಎಡಗಣ್ಣೂ ಸುಟ್ಟಿತು. ಇಬ್ಬರೂ ಆವಿಗೆಯ ಪಕ್ಕದಲ್ಲೇ ಸತ್ತಿರಿ."

ಹುಲಿಯ ಎಡಗಣ್ಣಿನ ಮೇಲೆ ಸುಟ್ಟ ಗಾಯ ಮೂಡಿತು. ಅದು ತಲೆ ತಗ್ಗಿಸಿ ನಡೆದು ಕಲ್ಲಿನ ಗುಳಿಯೊಳಗೆ ಹೋಗಿ ಕೂತು ಚಿತ್ರವಾಯಿತು. ದಾರಿ ತೆರೆಯಿತು.

ಮತ್ತೆ ಒಂದು ದಿನ ನಡೆದಳು, ಎರಡು ದಿನ ನಡೆದಳು. ಐದನೆಯ ದಿನ ತೊರೆಸಾಲು ಎಂಬ ಊರಿನ ಹೊಳೆಗೆ ಬಂದಳು. ಹೊಳೆ ದಾಟಿದರೆ ಕಣಿಲೆಗುಡ್ಡ. ದಾಟಲು ಇರುವುದು ಒಂದೇ ಕಡವು, ಅದರ ನಡುನೀರಿನಲ್ಲಿ ಕಲ್ಲಿನ ಬಣ್ಣದ ಆನೆಯೊಂದು ನಿಂತಿತ್ತು. ದಡದ ಕಲ್ಲಿನಲ್ಲಿ ಆನೆಯ ಆಕಾರದ ಗುಳಿ, ಗುಳಿಯ ಮೇಲೆ ಸವೆದುಹೋದ ಒಬ್ಬ ಸವಾರ.

ಆನೆ ಕೇಳಿತು: "ನಾನು ಯಾರು, ಹೇಳು. ನನ್ನ ಬೆನ್ನ ಮೇಲೆ ಕೂತವನು ಯಾರು, ಹೇಳು."

ಮಾಳವ್ವೆಗೆ ಗೊತ್ತಿರಲಿಲ್ಲ. ಅಪ್ಪ ಒಮ್ಮೆ ಹೇಳಿದ್ದ, ಅವಳು ಮಿಡತೆಯ ಹಿಂದೆ ಓಡಿದ್ದಳು. ಊಹಿಸಿ ಹೇಳಿದರೆ ಆನೆ ತುಳಿಯುತ್ತದೆ. ಅವಳು ಇದ್ದದ್ದನ್ನೇ ಹೇಳಿದಳು, ನನಗೆ ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಎಂದಳು. ಆನೆ ಕದಲದೆ ನಿಂತಿತು.

ಅವಳು ಊರೊಳಗೆ ಹೋಗಿ ಮನೆಮನೆಯಲ್ಲಿ ಕೇಳಿದಳು. ಯಾರಿಗೂ ನೆನಪಿರಲಿಲ್ಲ. ಸೋತು ಬಂದು ದಡದ ಮೇಲೆ ಕೂತಳು. ನೀರಿಗೆ ಬರುವ ಹೆಂಗಸರು ಬಂದರು. ಒಬ್ಬೊಬ್ಬಳೂ ಕೊಡ ಅದ್ದುವ ಮೊದಲು ಒಂದು ಹಿಡಿ ಹಸಿಹುಲ್ಲು ಕಿತ್ತು ಆ ಬರಿಗಲ್ಲಿನ ಮುಂದೆ ಇಟ್ಟಳು. ಯಾಕೆ ಇಡುತ್ತೀರಿ ಎಂದು ಮಾಳವ್ವೆ ಕೇಳಿದಳು. ಯಾಕೋ ಗೊತ್ತಿಲ್ಲ ತಾಯಿ, ಕೈ ತಾನಾಗಿ ಹೋಗುತ್ತದೆ ಎಂದು ಅವರು ನಾಚಿಕೊಂಡರು. ಬಟ್ಟೆ ಒಗೆಯುವವರು ದಡದ ಒಂದು ಚಪ್ಪಟೆ ಬಂಡೆಯನ್ನು ಬಿಟ್ಟು ಉಳಿದ ಬಂಡೆಗಳ ಮೇಲೆಲ್ಲ ಕೂತರು. ಆ ಬಂಡೆ ಯಾಕೆ ಬೇಡ ಎಂದರೆ, ನಮ್ಮಮ್ಮ ಅದರ ಮೇಲೆ ಕಾಲಿಡುತ್ತಿರಲಿಲ್ಲ, ನಾವೂ ಇಡುವುದಿಲ್ಲ ಎಂದರು. ಆಮೇಲೆ ಮಕ್ಕಳು ಬಂದವು. ದೊಡ್ಡವನು ಚಿಕ್ಕವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ದಡದಂಚಿನ ನೀರಲ್ಲಿ ದಬದಬ ಬಂದ. ಚಿಕ್ಕವಳು ಅವನ ಕುತ್ತಿಗೆಗೆ ಮೂರು ಸಲ ತಟ್ಟಿ, "ತಿರುಗಣ್ಣ ತಿರುಗು, ತಾಯಂದಿರಿದ್ದಾರೆ ತಿರುಗು" ಎಂದು ಹಾಡಿದಳು. ಅವನು ಗಿರ್ರನೆ ತಿರುಗಿದ. ಚಿಕ್ಕವಳು ಧೊಪ್ಪನೆ ಆ ಚಪ್ಪಟೆ ಬಂಡೆಯ ಪಕ್ಕ ಬಿದ್ದು ಸತ್ತ ಹಾಗೆ ಕಣ್ಣು ಮುಚ್ಚಿದಳು. ಎಲ್ಲರೂ ನಕ್ಕರು.

ಮಾಳವ್ವೆ ಎದ್ದು ನೀರಿಗಿಳಿದು ಆನೆಯ ಎದುರು ನಿಂತಳು.

"ನೀನು ಈ ಊರಿನ ಆನೆಯಲ್ಲ," ಎಂದಳು. "ಊರನ್ನು ತುಳಿಯಲು ಬಂದ ದಂಡಿನ ಆನೆ. ಕಡವಿನಲ್ಲಿ ಹೆಂಗಸರು ಮಕ್ಕಳು ಇದ್ದರು. ನಿನ್ನ ಮಾವುತ ಅವರನ್ನು ನೋಡಿ ನಿನ್ನನ್ನು ತಿರುಗಿಸಿದ. ಅವನ ದಂಡಿನವರೇ ಅವನನ್ನು ಕೊಂದು ಆ ಬಂಡೆಯ ಮೇಲೆ ಬೀಳಿಸಿದರು. ಅವನ ಹೆಸರು ನನಗೆ ಗೊತ್ತಿಲ್ಲ."

ಆನೆಯ ಕಣ್ಣಿನಿಂದ ನೀರಿಳಿಯಿತು. "ಅವನ ಹೆಸರು ಯಾರೂ ಕೇಳಲಿಲ್ಲ," ಎಂದಿತು. ಆಮೇಲೆ ಮಂಡಿಯೂರಿ ಅವಳನ್ನು ಬೆನ್ನಿಗೇರಿಸಿಕೊಂಡಿತು. ಹೊಳೆ ದಾಟಿಸಿ, ಗುಡ್ಡ ಹತ್ತಿಸಿ, ಕಣಿಲೆಕೋಟೆಯ ಬಾಗಿಲಿನವರೆಗೆ ತಂದಿತು.

ಆ ಕೋಟೆ ನಲವತ್ತು ವರ್ಷದಿಂದ ಹಾಳುಬಿದ್ದಿತ್ತು. ಅಲ್ಲಿದ್ದವರು ಯಾವಾಗಲೋ ಗುಡ್ಡ ಇಳಿದು ಕೆಳಗೆ ಕಣಿಲೆ ಎಂಬ ಹಳ್ಳಿ ಮಾಡಿಕೊಂಡಿದ್ದರು. ಬಾಗಿಲು ಮಾತ್ರ ಮುಚ್ಚಿದಂತೆಯೇ ಇತ್ತು. ಒಳಗಿನಿಂದ ಮಾಂತ್ರಿಕ ಹಾಕಿಕೊಂಡ ಅಗುಳಿ, ಹೊರಗಿನಿಂದ ತುಕ್ಕು. ಆನೆ ಹಣೆಯಿಟ್ಟು ತಳ್ಳಿತು. ಒಂದು ಸಲ ತಳ್ಳಿತು, ಎರಡು ಸಲ ತಳ್ಳಿತು, ಮೂರನೆಯ ಸಲಕ್ಕೆ ಅಗುಳಿ ಮುರಿಯಿತು.

ಒಳಗೆ ಸಾಲುಸಾಲು ಮಣ್ಣಿನ ಗಡಿಗೆಗಳು. ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಗಳೊಳಗೆ ಅಕ್ಷರಗಳು ಗುಂಯ್ಗುಡುತ್ತಿದ್ದವು. ಅಂಗಳದ ನಡುವೆ ಒಂದು ಕಲ್ಲಿನ ಮೇಲೆ ಧೂಮಾಂಗ ಕೂತಿದ್ದ. ಅರವತ್ತರ ವಯಸ್ಸು, ಬಿಳಿಯ ಗಡ್ಡ, ಶಾಂತವಾದ ಮುಖ. ಅವನಿಗೆ ಸಿಟ್ಟು ಬರಲಿಲ್ಲ. ಇಷ್ಟು ದೂರ ನಡೆದು ಬಂದೆಯಾ ಎಂದು ಕೇಳಿ, ಒಂದು ಗಡಿಗೆ ಎತ್ತಿ ಅವಳ ಕೈಗೇ ಇಟ್ಟ. ಇದು ಬಳ್ಳೆಕೆರೆಯದು, ತೆಗೆದುಕೊಂಡು ಹೋಗು, ನಿನ್ನ ಅಪ್ಪನಿಗೆ ನೆನಪು ಬರುತ್ತದೆ, ನಿನ್ನ ಊರಿನ ಏರಿ ಉಳಿಯುತ್ತದೆ, ಉಳಿದವರ ಗೊಡವೆ ನಿನಗೆ ಬೇಡ ಎಂದ.

ಗಡಿಗೆ ಬೆಚ್ಚಗಿತ್ತು. ಮಾಳವ್ವೆ ಕಿವಿಯಿಟ್ಟು ಕೇಳಿದಳು. ಒಳಗಿನಿಂದ ಸಣ್ಣದಾಗಿ, ಮಾಳೀ ಎಂದು ಕರೆದ ಹಾಗಾಯಿತು. ಆರು ವರ್ಷದಿಂದ ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲ. ಅವಳು ಗಡಿಗೆಯನ್ನು ಎದೆಗವಚಿಕೊಂಡು ತಿರುಗಿದಳು. ಬೇರೆ ಏನೂ ಬೇಡವೆನ್ನಿಸಿತು. ಬಾಗಿಲವರೆಗೂ ನಡೆದಳು.

ಬಾಗಿಲಾಚೆ ಆನೆ ಕಾಯುತ್ತ ನಿಂತಿತ್ತು. ಅದರ ಬರಿಬೆನ್ನನ್ನು ನೋಡಿ, ಊರೇ ಮರೆತ ಆ ಮಾವುತ ಅವಳಿಗೆ ನೆನಪಾದ. ಗಡಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಹಿಂದಿರುಗಿದಳು. ಹಿಂದಿರುಗುವಾಗ ಮಾಂತ್ರಿಕ ಕೂತಿದ್ದ ಕಲ್ಲಿನ ಅಂಚು ಕಣ್ಣಿಗೆ ಬಿತ್ತು. ಅಂಚಿನ ಸುತ್ತ ಬಳ್ಳಿ, ಬಳ್ಳಿಯಲ್ಲಿ ಪ್ರತಿ ಮೂರನೆಯ ಎಲೆ ಹಿಂದಕ್ಕೆ ಮಡಿಚಿದೆ. ಹಾಗೆ ಎಲೆ ಮಡಿಚುವವನು ನಂದವಳಿಯಲ್ಲಿ ಒಬ್ಬನೇ, ಅವಳ ಅಪ್ಪ. ಮಾಂತ್ರಿಕ ಒಂದು ನೆನಪಿನ ಕಲ್ಲನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

ಆಗ ಮಾಳವ್ವೆ ಕೇಳಿದಳು: "ನೀವು ಯಾರು, ಹೇಳಿ. ಈ ಕಲ್ಲು ಯಾರದು, ಹೇಳಿ."

ನಾನು ಮಂಜುಗವಿಯ ಧೂಮಾಂಗ, ಇದು ಕೂರಲು ಹಾಕಿಕೊಂಡ ಕಲ್ಲು ಎಂದ ಅವನು.

ಕಲ್ಲು ನಡುಗಿತು. ಅದರ ಅಡಿಯಿಂದ ಕಲ್ಲಿನ ಬಣ್ಣದ ಜನ ಒಬ್ಬೊಬ್ಬರಾಗಿ ಹೊರಬಂದು ಅವನ ಸುತ್ತ ನಿಂತರು. ಹದಿನೇಳು ಮಂದಿ. ಕುಡುಗೋಲು ಹಿಡಿದವರು, ಹುಲ್ಲಿನ ಹೊರೆ ಹೊತ್ತವರು, ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು.

ಮಾಳವ್ವೆ ಎರಡನೆಯ ಸಲ ಕೇಳಿದಳು. ಇವರು ಈ ಕೋಟೆಯವರು, ದಂಡಿನವರ ಕೈಯಲ್ಲಿ ಸತ್ತರು, ಆಗ ನಾನು ದೂರದ ಊರಿನಲ್ಲಿದ್ದೆ ಎಂದ. ಹದಿನೇಳು ಮಂದಿಯೂ ಒಂದು ಹೆಜ್ಜೆ ಮುಂದೆ ಬಂದರು.

ಅವನು ಹೊಗೆಯಾಗಿ ಹಾರಲು ನೋಡಿದ, ಆಗಲಿಲ್ಲ. ಮಂತ್ರ ಹೇಳಿದ, ನಾಲಗೆ ಒಣಗಿತು. ಮಾಳವ್ವೆ ಮೂರನೆಯ ಸಲ ಕೇಳಿದಳು. ಬಾಗಿಲು ಹಾಕದಿದ್ದರೆ ಒಳಗಿದ್ದ ಮುನ್ನೂರು ಜನ ಸಾಯುತ್ತಿದ್ದರು, ಸಮಯವೇ ಇರಲಿಲ್ಲ, ಬಾಗಿಲು ಕಾಯುವವನು ಮಾಡಬೇಕಾದ್ದನ್ನೇ ಮಾಡಿದ ಎಂದು ಅವನು ಏದುಸಿರಿನಲ್ಲಿ ಹೇಳಿದ. ಅವರು ಇನ್ನೊಂದು ಹೆಜ್ಜೆ ಬಂದರು. ಈಗ ಅವನು ಕೈ ಚಾಚಿದರೆ ಅವರಿಗೆ ತಾಗುತ್ತಿತ್ತು. ಯಾರೂ ಅವನನ್ನು ಮುಟ್ಟಲಿಲ್ಲ, ಬೈಯಲಿಲ್ಲ. ಸುಮ್ಮನೆ ಕಾಯುತ್ತ ನಿಂತರು.

ಕೊನೆಗೆ ಅವನು ಕಲ್ಲಿನಿಂದ ಇಳಿದು ನೆಲದ ಮೇಲೆ ಕೂತ.

"ನನ್ನ ಹೆಸರು ಬೀಚಣ," ಎಂದ. "ಬಾಗಿಲು ಕಾಯುತ್ತಿದ್ದವನು ನಾನೇ. ಆಗ ನನಗೆ ಇಪ್ಪತ್ತು ವರ್ಷ. ಸಮಯ ಇತ್ತು. ದಂಡು ಇನ್ನೂ ಗುಡ್ಡದ ಬುಡಕ್ಕೂ ಬಂದಿರಲಿಲ್ಲ. ಇವರು ಹೊಲದಿಂದ ಓಡಿ ಬರುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನಗೆ ಹೆದರಿಕೆಯಾಯಿತು. ಅಗುಳಿ ಹಾಕಿದೆ. ಇವರು ಬಾಗಿಲು ಬಡಿದರು, ನನ್ನ ಹೆಸರು ಹಿಡಿದು ಕರೆದರು. ನಾನು ತೆಗೆಯಲಿಲ್ಲ."

ದೇಕಣ ಕೆತ್ತಿದ ಕಲ್ಲಿನಲ್ಲಿ ಅದೇ ಇತ್ತು, ಬೀಚಣ ಬಾಗಿಲು ಹಾಕಿದನು ಎಂಬ ಒಂದು ಸಾಲು. ಅದನ್ನು ವರ್ಷವರ್ಷವೂ ಓದುತ್ತಾರೆಂದು ಬೀಚಣ ಊರು ಬಿಟ್ಟ, ಮಂಜುಗವಿಗೆ ಹೋಗಿ ಮಾಯೆ ಕಲಿತ. ಆ ಒಂದು ಸಾಲು ಮರೆಸಲು ಹೋದರೆ, ಪಕ್ಕದ ಊರಿನ ಕತೆ ಹೇಳುವವರ ಬಾಯಲ್ಲಿ ಕಣಿಲೆಯ ಮಾತೂ ಬರುತ್ತಿತ್ತು. ಅದಕ್ಕೇ ಅವನು ನೂರೆಂಟು ಊರಿನ ನೆನಪನ್ನೂ ಕದ್ದ.

ಮಗು ಎತ್ತಿಕೊಂಡಿದ್ದ ಹೆಂಗಸು ಮೊದಲ ಸಲ ಬಾಯಿ ತೆರೆದಳು.

"ಇಷ್ಟು ಹೇಳಬೇಕಿತ್ತು ಬೀಚಣ," ಎಂದಳು. "ನಾವು ಬಂದದ್ದು ಇದಕ್ಕೇ."

ಹದಿನೇಳು ಮಂದಿಯೂ ತಿರುಗಿ ಕಲ್ಲಿನೊಳಗೆ ಹೋದರು. ಆ ಗಳಿಗೆಯಲ್ಲಿ ಗಡಿಗೆಗಳೆಲ್ಲ ಒಡೆದವು. ಅಕ್ಷರಗಳು ಮೊರೆಯುತ್ತ ಮೇಲೆದ್ದು, ಹಿಂಡುಹಿಂಡಾಗಿ ತಮ್ಮ ತಮ್ಮ ಊರಿನ ಕಡೆ ಹಾರಿದವು. ಬಾಗಿಲಾಚೆಯ ಆನೆ ಸೊಂಡಿಲೆತ್ತಿ ಒಮ್ಮೆ ಕೂಗಿ ಹೊಳೆಯ ದಾರಿ ಹಿಡಿಯಿತು.

ಮಾಳವ್ವೆ ಐದು ದಿನ ನಡೆದು ಊರಿಗೆ ಬಂದಳು. ದಾರಿಯಲ್ಲಿ ತೊರೆಸಾಲಿನ ದಡದಲ್ಲಿ ನಿಂತು ಮಾವುತನ ಕಲ್ಲನ್ನು ಓದಿದ್ದಳು. ಹೆಸರು ಕೇಳುವ ಮೊದಲೇ ಸತ್ತನು, ಈತ ನಮ್ಮವನು ಎಂದು ಅದರಲ್ಲಿತ್ತು. ಹೆಂಗಸರು ಹುಲ್ಲು ಇಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

ಬಳ್ಳೆಕೆರೆಯಲ್ಲಿ ಅಕ್ಷರ ಹಿಂದಿರುಗಿದ ಕ್ಷಣ, ಬುಟ್ಟಿ ಹೊತ್ತವರು ಹೊತ್ತಂತೆಯೇ ನಿಂತಿದ್ದರಂತೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ, ತೆಗೆದ ಮಣ್ಣನ್ನೆಲ್ಲ ತಂದು ಸುರಿಯತೊಡಗಿದರು. ಮೆತ್ತಿದ ಗೋಡೆಗಳನ್ನೂ ಕೆರೆದು ತಂದರು. ಮಾಳವ್ವೆ ಬಂದ ಸಂಜೆ ಏರಿ ಮೊದಲಿನಷ್ಟೇ ದಪ್ಪವಾಗಿತ್ತು. ಮರುದಿನ ಮಳೆ ಬಂತು. ಕೆರೆ ತುಂಬಿತು, ಏರಿ ನಿಂತಿತು.

ದೇಕಣ ಏರಿಯ ಮೇಲೆ ಹೆಂಡತಿಯ ಕಲ್ಲಿನ ಪಕ್ಕ ಕೂತಿದ್ದ. ಹತ್ತು ದಿನದಲ್ಲಿ ಹತ್ತು ವರ್ಷ ಮುಪ್ಪಾದವನಂತೆ ಕಂಡ. ಮಾಳವ್ವೆ ಪಕ್ಕದಲ್ಲಿ ಕೂತಳು.

"ನೆನಪಿಲ್ಲದಾಗ ಹಗುರವಾಗಿದ್ದೆಯಲ್ಲ ಅಪ್ಪ," ಎಂದಳು. "ಮತ್ತೆ ಅಳುವ ಹಾಗೆ ಮಾಡಿದೆ ನಾನು."

"ಹಗುರವಾಗಿದ್ದೆ ಮಗಾ, ನಿಜ," ಎಂದ ದೇಕಣ. "ಬೆಳಗ್ಗೆ ಎದ್ದರೆ ಮೂರು ತಟ್ಟೆ ಹಾಕುತ್ತಿದ್ದೆ, ಮೂರನೆಯದು ಯಾರಿಗೆ ಎಂದು ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ಈ ಅಳುವೇ ವಾಸಿ."

ಅವತ್ತು ಅವನು ನಾಗಿಯಕ್ಕನನ್ನು ಮೊದಲು ಕಂಡ ಕತೆಯಿಂದ ಹಿಡಿದು, ಯಾವ ಕಲ್ಲಿನಲ್ಲೂ ಬರೆಯದ ಎಷ್ಟೋ ಸಂಗತಿ ಹೇಳಿದ. ಮಾಳವ್ವೆ ಎಲ್ಲಿಗೂ ಏಳದೆ ಪೂರ್ತಿ ಕೇಳಿದಳು.

ಕಂಚರಸ ದೊರೆ ಊರೂರಿಗೆ ನಡೆದು ಹೋಗಿ, ಕಲ್ಲುಕಲ್ಲಿನ ಮುಂದೆ ತಪ್ಪೊಪ್ಪಿಕೊಂಡ. ಬೀಚಣನನ್ನು ಏನು ಮಾಡಬೇಕೆಂದು ಕಣಿಲೆಯವರನ್ನೇ ಕೇಳಿದ. ಅವರಲ್ಲಿ ಸತ್ತವರ ಮಕ್ಕಳಿದ್ದರು, ತಮ್ಮಂದಿರಿದ್ದರು. ಎರಡು ದಿನ ಮಾತಾಡಿದರು, ಜಗಳವಾಡಿದರು. ಕೊನೆಗೆ, ಇಲ್ಲೇ ಇರಲಿ, ನಮ್ಮ ಕಣ್ಣ ಮುಂದೆ ಇರಲಿ ಎಂದರು. ಆಗ ಬೀಚಣ ಮಾಳವ್ವೆಯ ಬಳಿ ಬಂದು, ಆ ಒಂದು ಸಾಲು ಉಜ್ಜಿ ಹಾಕಲು ಆಗುತ್ತದೆಯೇ ಎಂದು ತಲೆ ತಗ್ಗಿಸಿ ಕೇಳಿದ. ಮಾಳವ್ವೆ ಕಲ್ಲನ್ನು ಒರೆಸಿ, ಆ ಸಾಲಿನ ಕೆಳಗೆ ಕೈಯಾಡಿಸಿದಳು.

"ಕೆತ್ತಿದ್ದನ್ನು ತೆಗೆಯಲಾರೆ," ಎಂದಳು. "ಆದರೆ ಇಲ್ಲಿ ಇನ್ನೊಂದು ಸಾಲಿಗೆ ಜಾಗ ಇದೆ."

ಕಣಿಲೆಯವರು ಕೋಟೆಯನ್ನು ಮತ್ತೆ ಕಟ್ಟಿಕೊಂಡರು. ಬೀಚಣ ಅದರ ಬಾಗಿಲಲ್ಲಿ ಒಂದು ಚಾಪೆ ಹಾಕಿಕೊಂಡ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆಗೆಯುತ್ತಿದ್ದ. ಸಂಜೆ ಹೊಲದಿಂದ ಬರುವವರನ್ನು ಒಬ್ಬೊಬ್ಬರಾಗಿ ಎಣಿಸಿ, ಕಟ್ಟಕಡೆಯವರು ಒಳಗೆ ಬಂದ ಮೇಲೆಯೇ ಅಗುಳಿ ಹಾಕುತ್ತಿದ್ದ. ಒಂದು ವರ್ಷ, ಹಳೆಯ ಶತ್ರುಗಳ ದಂಡು ಮತ್ತೆ ಬಂತು. ಹುಲ್ಲಿಗೆ ಹೋಗಿದ್ದ ಮುದುಕಿಯೊಬ್ಬಳು ಇನ್ನೂ ಏರುದಾರಿಯಲ್ಲಿದ್ದಳು. ಮುದುಕ ಬೀಚಣ ಬಾಗಿಲು ತೆರೆದಿಟ್ಟು, ತಾನೇ ಓಡಿಹೋಗಿ ಅವಳನ್ನು ಹೊತ್ತು ತಂದ. ಅವನ ಹೆಗಲಿಗೆ ಬಾಣ ತಾಗಿತ್ತು. ಆದರೂ ಬದುಕಿದ, ಇನ್ನೂ ಏಳು ವರ್ಷ ಬಾಗಿಲು ಕಾದು ಹಾಸಿಗೆಯಲ್ಲಿ ಕಣ್ಣು ಮುಚ್ಚಿದ.

ಮಾಳವ್ವೆಗೆ ಕಣಿಲೆಯಿಂದ ಹೇಳಿಕಳುಹಿಸಿದರು. ಅವಳು ಆಗ ನಂದವಳಿಗೆಲ್ಲ ಹೆಸರಾದ ಕಲ್ಲುಕುಟಿಗಿತ್ತಿ, ಎರಡು ಮಕ್ಕಳ ತಾಯಿ. ಅಪ್ಪನ ಉಳಿಗಳನ್ನು ತೆಗೆದುಕೊಂಡು ಹೋದಳು. ಏನು ಬರೆಯಬೇಕು ಎಂದು ಕೇಳಿದಳು. ಆ ಹದಿನೇಳು ಮಂದಿಯ ಮನೆಯವರೇ ಮುಂದೆ ಬಂದು ಹೇಳಿದರು. ಬೀಚಣ ಬಾಗಿಲು ಹಾಕಿದನು ಎಂಬ ಸಾಲಿನ ಕೆಳಗೆ ಅವಳು ಕೆತ್ತಿದಳು: ಬೀಚಣ ಬಾಗಿಲು ತೆರೆದನು.

ಆ ವರ್ಷದ ಸುಗ್ಗಿಯ ಮೇಲೆ ಕಣಿಲೆಯವರು ಕಲ್ಲಿಗೆ ಎಣ್ಣೆ ಹಚ್ಚಿ ಎರಡು ಸಾಲನ್ನೂ ಗಟ್ಟಿಯಾಗಿ ಓದಿದರು. ನೂರೆಂಟು ಊರುಗಳಲ್ಲಿ ಮಳೆ ಕಾಲಕ್ಕೆ ಬಂತು, ಬೆಳೆ ತೆನೆ ತುಂಬಿತು, ಮಕ್ಕಳು ಕತೆ ಕೇಳುತ್ತ ಅಜ್ಜಿಯರ ಮಡಿಲಲ್ಲಿ ನಿದ್ದೆಹೋದವು. ನಂದವಳಿಯವರು ಬಹುಕಾಲ ಸುಖವಾಗಿ ಬಾಳಿದರು, ಅದನ್ನು ಕೇಳಿದ ನಾವೂ ನೀವೂ ಹಾಗೆಯೇ ಬಾಳೋಣ.